ಅವ್ವನ ಮುಖ ಬರೆದವರು

ಬೈಲಹೊಂಗಲ ಪೇಟೆಯಲ್ಲಿ ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕೊಯ್ಯುವುದು, ಪಟ್ಟಿ ಕೂಡಿಸುವುದು, ಮೊಳೆ ಬಡಿಯುವುದು ನನ್ನ ಕೆಲಸ. ನಮ್ಮಪ್ಪನ ಕಾಲದಿಂದ ಅಂಗಡಿಯ ಒಂದು ಮಗ್ಗಲಲ್ಲಿ, ಬಾಗಿಲ ಬೆಳಕು ಬೀಳುವ ಕಡೆ, ಒಬ್ಬರು ಚಿತ್ರಗಾರರು ಕುಳಿತಿರುತ್ತಿದ್ದರು. ರಾಮದುರ್ಗದ ನೇಕಾರರ ಮನೆಯವರು. ಬಳಗವಲ್ಲದಿದ್ದರೂ ನನಗೆ ಅವರು ಕಾಕಾ. ಹೋದ ಶ್ರಾವಣದಲ್ಲಿ ತೀರಿಕೊಂಡರು. ನಾನೇನು ಬರೆಯುವವನಲ್ಲ. ಆದರೆ ಅವರು ಹೋದ ಮೇಲೆ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಇಳಿಯುವುದಿಲ್ಲ. ಅದಕ್ಕೇ ಕುಳಿತಿದ್ದೇನೆ.

ಕಾಕಾ ಬರೆಯುತ್ತಿದ್ದದ್ದು ಸತ್ತವರ ಮುಖಗಳನ್ನು. ಅದರಲ್ಲೂ, ಒಂದೂ ಫೋಟೋ ಇಲ್ಲದೆ ಹೋದವರದ್ದು. ಹರಕು ಮುರುಕು ಫೋಟೋ ಇದ್ದರೆ ಈಗ ಕಂಪ್ಯೂಟರಿನವರು ಒಂದು ತಾಸಿನಲ್ಲಿ ಮದುಮಗನ ಹಾಗೆ ಮಾಡಿಕೊಡುತ್ತಾರೆ. ಏನೂ ಇಲ್ಲದವರು ಕಾಕಾನ ಹತ್ತಿರ ಬರುತ್ತಿದ್ದರು. ಹೊಸ ಮನೆ ಕಟ್ಟಿಸಿದಾಗ, ಪಡಸಾಲೆಯ ಗೋಡೆ ಖಾಲಿ ಕಂಡಾಗ, ಮುತ್ಯಾ ಹೆಂಗಿದ್ದ ಎಂದು ಮೊಮ್ಮಕ್ಕಳು ಕೇಳಿದಾಗ, ಆಗ ಇವರ ನೆನಪು. ಬಂದವರನ್ನು ಬಾಕಿನ ಮೇಲೆ ಕುಳ್ಳಿರಿಸಿ ಕಾಕಾ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಮೂಗ ಯಾರಿಗೆ ಬಂದದ?"

ಸಂಪಗಾಂವದಿಂದ ಅಣ್ಣತಮ್ಮಂದಿರಿಬ್ಬರು ಬಂದಿದ್ದರು, ಮುತ್ಯಾನ ಚಿತ್ರಕ್ಕೆ. ಮೂಗು ನನಗೆ ಬಂದಿದೆ ಎಂದ ಅಣ್ಣ. ನಿನ್ನದು ಅವ್ವನ ತವರುಮನೆಯ ಮೂಗು ಎಂದ ತಮ್ಮ. ಅಂಗಡಿಯೊಳಗೇ ಕೈ ಕೈ ಹತ್ತುವ ಲಕ್ಷಣ ಕಂಡಿತು. ಕಾಕಾ ಕುಂಚ ಕೆಳಗಿಟ್ಟು, "ಹೊರಗ ಹೋಗಿ ಚಾ ಕುಡೀರಿ. ನಾಳೆ ಬರೂ ಮುಂದ ನಿಮ್ಮ ಅಕ್ಕನ್ನ ಕರ್ಕೊಂಡ ಬರ್ರಿ" ಎಂದರು. ಅಕ್ಕ ಬಂದಳು. ಅಚ್ಚು ಮುತ್ಯಾನ ಮೂಗು ಎಂದು ಇಬ್ಬರೂ ಒಪ್ಪಬೇಕಾಯಿತು. "ಹೆಣ್ಣಮಗಳಿಗೆ ಹೊಲಾ ಕೊಡ್ರಿ ಅಂದ್ರ ನೀವು ಕೊಡಾವ್ರಲ್ಲ. ಮೂಗ ನೋಡ್ರಿ, ನಿಮ್ಮನ್ನ ಕೇಳದನ ಹೋಗಿ ಸೇರೇತಿ" ಎಂದು ಕಾಕಾ ತಣ್ಣಗೆ ಹೇಳಿ ಕೆಲಸಕ್ಕೆ ಕುಳಿತರು. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಕಿತ್ತೂರು ಕಡೆಯ ದೊಡ್ಡ ಮನೆತನದವರು ಒಮ್ಮೆ ತಾಯಿಯ ಚಿತ್ರ ಬರೆಸಿದರು. ಕೊರಳಿಗೆ ಬಂಗಾರದ ಬೋರಮಾಳ ಹಾಕಿ ಬರೆಯಿರಿ ಎಂದರು.

"ಅವರಿಗೆ ಬೋರಮಾಳ ಇತ್ತೇನ್ರಿ?"

"ಆಗ ಇರಲಿಲ್ರಿ. ಆವಾಗ ನಮ್ಮ ಪರಿಸ್ಥಿತಿ ಅಷ್ಟಕ್ಕಷ್ಟ ಇತ್ತು."

"ಇದ್ದಾಗ ನೀವು ಹಾಕಲಿಲ್ಲ. ಹೋದ ಮ್ಯಾಲ ನಾ ಹಾಕ್ಲೇನು? ಆಗೂದಿಲ್ರಿ."

ಬಂದ ಗಿರಾಕಿಯನ್ನು ಹೀಗೆ ಮಾತಾಡಿಸಿದರೆ ಅಂಗಡಿ ನಡೆದ ಹಾಗೇ. ನಾನು ಸಿಟ್ಟಿಗೆದ್ದೆ. ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಿತ್ರದಲ್ಲಿ ಸುಳ್ಳು ಬರಕೂಡದು ಎನ್ನುವುದು ಅವರ ಹಟ. ಆ ತಾಯಿಗೆ ಕರಿಮಣಿ ಒಂದನ್ನೇ ಬರೆದುಕೊಟ್ಟರು. ಮನೆಯವರು ಗೊಣಗುತ್ತಲೇ ಒಯ್ದರು.

ಕಟ್ಟು ಹಾಕಿ ಮುಗಿದ ಮೇಲೆ ಅವರದೊಂದು ಪದ್ಧತಿ ಇತ್ತು. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಚಿತ್ರವನ್ನು ಬೆಳಕಿಗೆ ತಿರುಗಿಸಿ, ಕುಂಚದ ಹಿಂದಿನ ತುದಿಯಿಂದ ತೋರಿಸುತ್ತ ಒಂದೊಂದು ಬಣ್ಣಕ್ಕೂ ಅರ್ಥ ಹೇಳುವುದು. "ಹಿಂದಿನ ಬಣ್ಣ ನೋಡ್ರಿ. ವಯಸ್ಸಾಗಿ ಹೋದವರಿಗೆ ನಾ ಸಂಜೀ ಬಣ್ಣಾ ಹಾಕತೇನಿ. ದಗದ ಮುಗಿಸಿ ಮನೀಗ ಬರೂ ಹೊತ್ತದು. ಕೆಳಗ ಕಪ್ಪ ಐತಲ್ಲ, ಅದನ್ನ ಸಾವು ಅಂತ ತಿಳ್ಕೋಬ್ಯಾಡ್ರಿ, ಅದು ನಿಮ್ಮ ಎರಿ ಹೊಲ. ಅದರಾಗ ನಿಂತ ನಿಮ್ಮನ್ನ ಸಾಕ್ಯಾರ." ಪ್ರತಿ ವರ್ಷ ಸವದತ್ತಿ ಗುಡ್ಡದ ದೇವಿಗೆ ನಡೆದುಹೋಗುತ್ತಿದ್ದವರಾಗಿದ್ದರೆ ಹಣೆಯ ಸುತ್ತ ಭಂಡಾರದ ಹಳದಿ ಹಚ್ಚುತ್ತಿದ್ದರು. ಹೋಗದವರಿಗೆ ಇಲ್ಲ. ಬಂದವರು ಪುರಾಣ ಕೇಳಿದಂತೆ ಕೈಕಟ್ಟಿ ಕೇಳುವರು. ನನಗೆ ಬಾಯಿಪಾಠವಾಗಿದ್ದ ಕಥೆ. "ಕಾಕಾ, ಗಿರಾಕಿ ನಿಂತಾರ, ಸಾಕ ಮಾಡ್ರಿ" ಎಂದರೆ, "ನೀ ಗಾಜ ಕೊಯ್ಯೋ ತಮ್ಮಾ. ಗಾಜಿನ ಹಿಂದ ಏನೈತಿ ಅನ್ನೂದು ನಾ ಹೇಳತೇನಿ" ಎನ್ನುತ್ತಿದ್ದರು.

ಏಳೆಂಟು ವರ್ಷದ ಕೆಳಗೆ ದೊಡವಾಡದಿಂದ ಒಬ್ಬ ಅಜ್ಜ ಬಂದ. ಎಪ್ಪತ್ತರ ಹತ್ತಿರದ ಒಕ್ಕಲಿಗ, ತಲೆಗೆ ಬಿಳಿ ಪಟಕ, ಕೈಯಲ್ಲಿ ಕೋಲು. ಬಾಕಿನ ಮೇಲೆ ಕುಳಿತು ತಾಯಿಯ ಚಿತ್ರ ಬೇಕೆಂದ.

"ಮೂಗ ಯಾರಿಗೆ ಬಂದದ?"

"ಅದ ಗೊತ್ತಿಲ್ರಿ. ನಾ ಹುಟ್ಟಿದ ದಿನಾನ ನಮ್ಮವ್ವ ಹ್ವಾದ್ಲು."

ಆಕೆಗೆ ಬೇರೆ ಮಕ್ಕಳಿಲ್ಲ. ಆಕೆಯ ತವರಿನಲ್ಲಿ ದೀಪ ಹಚ್ಚುವವರು ಉಳಿದಿಲ್ಲ. ಅಪ್ಪ ಇನ್ನೊಂದು ಲಗ್ನವಾಗಿ, ಮೊದಲ ಹೆಂಡತಿಯ ಹೆಸರನ್ನೇ ಎತ್ತದೆ ಸತ್ತ. ಆಕೆಯನ್ನು ಕಣ್ಣಾರೆ ಕಂಡವರು ಊರಲ್ಲಿ ಈಗ ಒಬ್ಬರೂ ಇಲ್ಲ. ಅಜ್ಜನಿಗೆ ಗೊತ್ತಿದ್ದದ್ದು ಇಷ್ಟೇ: ಅವ್ವ ಹೋದಾಗ ಹಸಿರು ಸೀರೆ ಉಟ್ಟಿದ್ದಳು. ಸೋದರತ್ತೆ ಹೇಳಿದ್ದಂತೆ.

"ಇಷ್ಟರ ಮ್ಯಾಲ ಹೆಂಗ ಬರೀಲೋ ಯಜಮಾನಾ? ನನ್ನ ಕೈಲೆ ಆಗೂದಿಲ್ಲ" ಎಂದರು ಕಾಕಾ.

"ಹಂಗನ್ನಬ್ಯಾಡ್ರಿ. ನನ್ನ ಕಣ್ಣ ಹೊಂಟಾವರಿ. ಪೊರಿ ಅಲ್ಲಂತ, ನರದ ಜಡ್ಡಂತ. ಧಾರವಾಡದಾಗ ಡಾಕ್ಟರು ಏನೂ ಮಾಡಾಕ ಬರೂದಿಲ್ಲ ಅಂದ್ರು. ಪೂರಾ ಹೋಗೂದ್ರಾಗ ಒಮ್ಮೆ ನಮ್ಮವ್ವನ್ನ ನೋಡಬೇಕಂತ ಆಸೆ ಐತ್ರಿ."

ಕಾಕಾ ಒಪ್ಪಿಕೊಂಡರು. ಅಲ್ಲಿಂದ ಶುರುವಾಯಿತು ಅವರ ಒದ್ದಾಟ. ಸೀರೆ ಬರೆದಾಯಿತು, ಕೈ ಬರೆದಾಯಿತು, ಹಿಂದಿನ ಬಣ್ಣ ಮುಗಿಯಿತು. ಮುಖದ ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಬರೆಯುವುದು, ಒರೆಸುವುದು. ಅಜ್ಜನ ಮುಖವನ್ನೇ ಹೆಣ್ಣು ಮಾಡಿ ನೋಡಿದರು, ಕೂಡಿಬರಲಿಲ್ಲ. ಸಂತೆಯ ದಿನ ತಪ್ಪದೆ ಅಜ್ಜ ಬಂದು ಬಾಗಿಲಲ್ಲಿ ನಿಂತು, "ಬಂದ್ಲೇನ್ರಿ ನಮ್ಮವ್ವ?" ಎನ್ನುವನು. "ದಾರ್ಯಾಗ ಅದಾಳ ಯಜಮಾನಾ" ಎಂದು ಕಾಕಾ ನಗಿಸಿ ಕಳಿಸುವರು. ಅವನು ಹೋದ ಮೇಲೆ ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಡುವರು. ಬರಬರುತ್ತ ಅಜ್ಜ ಬಾಗಿಲಿನ ಚೌಕಟ್ಟನ್ನು ಕೈಯಿಂದ ತಡವಿ ಒಳಗೆ ಬರತೊಡಗಿದ.

ನನ್ನ ಹೆಂಡತಿ ಗಂಗಾ ದಿನಾ ಮಧ್ಯಾಹ್ನ ಬುತ್ತಿ ತರುತ್ತಾಳೆ. ಉಗರಗೋಳದ ಹೆಣ್ಣು, ಆಗ ಮೂವತ್ತರ ಆಸುಪಾಸು. ಕಾಕಾನಿಗೆ ಹೆಂಡತಿ ಮಕ್ಕಳಿಲ್ಲದ್ದರಿಂದ ಅವರ ರೊಟ್ಟಿಯೂ ನಮ್ಮ ಬುತ್ತಿಯಲ್ಲೇ. ಒಂದು ದಿನ ಆಕೆ ಕಾಕಾನ ಎದುರು ಕುಳಿತು, ತಲೆಬಗ್ಗಿಸಿ ರೊಟ್ಟಿಯ ಮೇಲೆ ಮೊಸರು ಕಲಸಿದ ಚಟ್ನಿ ಹಚ್ಚುತ್ತಿದ್ದಳು. ಕಾಕಾ ಕೈಯೊಡ್ಡಿದವರು ಹಾಗೇ ಉಳಿದರು. "ಯಾಕ ಕಾಕಾ, ಖಾರ ಭಾಳ ಆತೇನು?" ಎಂದಳು.  ಆ ದಿನ ಅವರು ರೊಟ್ಟಿಯನ್ನು ಪೂರಾ ತಿನ್ನಲಿಲ್ಲ.

ಮುಂದಿನ ಸಂತೆಯ ದಿನ ಗಾಜು ಕೂಡಿಸಲೆಂದು ಚಿತ್ರ ನನ್ನ ಕೈಗೆ ಬಂತು. ತಿರುಗಿಸಿ ನೋಡಿದೆ. ಗಂಗಾ. ವಯಸ್ಸು ಸ್ವಲ್ಪ ಇಳಿಸಿದ್ದರು, ಮೂಗಿನ ನತ್ತು ಬೇರೆ, ಸೆರಗು ತಲೆಯ ಮೇಲೆ. ಆದರೂ ಹೆಂಡತಿಯ ಮುಖ ಗಂಡನಿಗೆ ತಪ್ಪುತ್ತದೆಯೇ? ಬಾಯಿ ತೆರೆದವನು ಬಾಗಿಲ ಕಡೆ ನೋಡಿದೆ. ಅಜ್ಜ ಆಗಲೇ ಒಳಗೆ ಬಂದು ನಿಂತಿದ್ದ. ತಲೆ ತಗ್ಗಿಸಿ ಗಾಜು ಕೂಡಿಸಿ ಮೊಳೆ ಬಡಿದೆ.

ಕಾಕಾ ಎಂದಿನಂತೆ ಕುಂಚದ ತುದಿ ಹಿಡಿದು ನಿಂತರು. "ಯಜಮಾನಾ, ಹತ್ತರ ಬಾ. ಇದಕ್ಕ ಸಂಜೀ ಬಣ್ಣ ಹಚ್ಚಿಲ್ಲ. ನಿಮ್ಮವ್ವ ಹರೇದಾಗ ಹೋದಾಕಿ, ಅದಕ್ಕ ಹೊತ್ತ ಹೊಂಡೂ ಮುಂಜಾನಿ ಬಣ್ಣ. ನೀನೂ ಅವತ್ತ ಹುಟ್ಟಿದಿ ಅಲ್ಲ, ನಿಂದೂ ಅದ ಬಣ್ಣ. ಸೀರಿ ಹಸಿರು, ನೀ ಹೇಳಿದ್ದು. ಅಂಚಿನಾಗ ಕೆಂಪ ಎಳೀ ಒಂದ ಹಾಕೇನಿ, ಅದು ನಿನ್ನ ಹಡದ ರಕ್ತ. ಕೈ ನೋಡು, ಮುಗಿದಿಲ್ಲ, ಬೊಗಸಿ ಮಾಡ್ಯಾಳ. ನಿನ್ನ ಎತ್ತಿಕೋಬೇಕಂತ. ಮತ್ತ ಕಣ್ಣು..." ಎಂದು ಒಂದು ಗಳಿಗೆ ನಿಂತರು. "ಕಣ್ಣು ನೆಟ್ಟಗ ನೋಡೂದಿಲ್ಲ. ತುಸು ಕೆಳಗ ನೋಡತಾವ. ನೀ ಕೆಳಗ ತೊಟ್ಲದಾಗ ಇದ್ದಿ ಅಂತ."

ಅಜ್ಜ ಚಿತ್ರದ ಮುಂದೆ ನೆಲದ ಮೇಲೆ ಕುಳಿತುಬಿಟ್ಟ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಕೆಳಗೆ ಕುಳಿತಿದ್ದರಿಂದ ಆ ಕಣ್ಣುಗಳು ನೇರ ಅವನನ್ನೇ ನೋಡುತ್ತಿದ್ದವು. ಬಹಳ ಹೊತ್ತಾದ ಮೇಲೆ, "ಇಷ್ಟ ಸಣ್ಣಾಕಿ ಇದ್ಲೇನ್ರಿ?" ಎಂದ. "ನನ್ನ ಮೊಮ್ಮಗಳ ವಯಸ್ಸಿನಾಕಿ." ಆಮೇಲೆ ಅವನು ಅತ್ತದ್ದನ್ನು ನಾನು ಬರೆಯಲಾರೆ. ಪೇಟೆಯ ಜನ ಬಂದು ಇಣುಕಿ ನೋಡಿ ಹೋದರು.

ಅವನು ಬಸ್ಸಿಗೆ ಹೋದ ಮೇಲೆ ಕಾಕಾ ನನ್ನ ಮುಖ ನೋಡಿದರು. ನಾನು ಕಸಬರಿಗೆ ತೆಗೆದುಕೊಂಡು ಗಾಜಿನ ಚೂರು ಬಳಿಯತೊಡಗಿದೆ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅಜ್ಜನ ಆಸೆ ತೀರಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಹಿರಿಯರ ಫೋಟೋ ಎಂದ ಮೇಲೆ ಮನೆಯಲ್ಲಿ ಏನು ಮಾಡುತ್ತಾರೆ? ವಿಭೂತಿ ಹಚ್ಚುತ್ತಾರೆ, ಹಾರ ಹಾಕುತ್ತಾರೆ, ಊದಿನಕಡ್ಡಿ ಬೆಳಗುತ್ತಾರೆ. ಬದುಕಿರುವವರ ಫೋಟೋಗೆ ತಪ್ಪಿ ಹಾರ ಬಿದ್ದರೂ ಹೆಂಗಸರು ಹೌಹಾರಿ ಕಿತ್ತೆಸೆಯುವ ಸೀಮೆ ನಮ್ಮದು. ದೊಡವಾಡದಲ್ಲಿ ನನ್ನ ಹೆಂಡತಿಯ ಮುಖಕ್ಕೆ ದಿನಾ ಹೊಸ ಹಾರ ಬೀಳುತ್ತಿತ್ತು.

ಆ ಮಳೆಗಾಲ ಗಂಗಾ ಮಲಗಿದಳು. ಮೊದಲು ಜ್ವರ, ಆಮೇಲೆ ಕಾಮಣಿ, ಕಣ್ಣು ಅಂಗೈ ಎಲ್ಲ ಹಳದಿ. ಬೆಳಗಾವಿಗೆ ಒಯ್ದು ದವಾಖಾನೆಗೆ ಹಾಕಿದೆವು. ಯಕೃತ್ತಿಗೆ ಹತ್ತಿದೆ, ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಕಾಕಾ ಬಂದರು. ಒಳಗೆ ಬರಲಿಲ್ಲ. ಹೊರಗಿನ ಬಾಕಿನ ಮೇಲೆ ಕುಳಿತೇ ಇದ್ದರು. ನಾನು ಹೋಗಿ ಮಗ್ಗಲಲ್ಲಿ ಕುಳಿತೆ.

"ಬಣ್ಣ ಎಲ್ಲಾ ಖರೆ ಇದ್ದೂ ತಮ್ಮಾ. ಮಾರಿ ಒಂದ ಸುಳ್ಳ ಬರದೆ" ಎಂದರು. "ಎಷ್ಟ ತಿಂಗಳಿಂದ ಹುಡಿಕಿದೆ. ಆಕಿ ಆ ರೊಟ್ಟಿ ನೋಡೂ ಮುಂದ ಕಣ್ಣಾಗ ಇತ್ತಲ್ಲ, ಅದು ಸಿಕ್ತು. ಕಣ್ಣ ಅಷ್ಟ ತಗೋಬೇಕಂತ ಕುಂತೆ. ಮೂಗೂ ಬಂತು, ಬಾಯೀನೂ ಬಂತು. ಕೈ ನಿಂದರಲಿಲ್ಲ. ಬದುಕಿದ ಹೆಣ್ಣಮಗಳಿಗೆ ಹಾರ ಹಾಕಿಸಿಬಿಟ್ಟೆ."

ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ನಂಬುವವನಲ್ಲ ಎಂದು ಪೇಟೆಯಲ್ಲಿ ವಾದ ಹೂಡುವವನು. ಆದರೆ ಒಳಗೆ ಹಳದಿಯಾಗಿ ಮಲಗಿದ್ದವಳು ನನ್ನ ಹೆಂಡತಿ. "ಹಂಗಾದ್ರ ಇಲ್ಲಿ ಯಾಕ ಕುಂತೀರಿ? ಮೊದಲ ಹೋಗಿ ಅದನ್ನ ಇಳಿಸಿಕೊಂಡ ಬರ್ರಿ" ಎಂದು ಗದರಿಸಿಬಿಟ್ಟೆ. ತಂದೆಯ ವಯಸ್ಸಿನವರು. ನಾನೂ ನೋಡಿ ನೋಡಿಯೇ ಗಾಜು ಕೂಡಿಸಿದ್ದೆ ಎನ್ನುವುದು ಆಗ ಬಾಯಿಗೆ ಬರಲಿಲ್ಲ.

ಮರುದಿನ ದೊಡವಾಡಕ್ಕೆ ಹೋದವರು ಬರಿಗೈಯಲ್ಲಿ ಬಂದರು. "ಉಣ್ಣಾಕ ಕುಂತಿದ್ದ. ಆ ಚಿತ್ರದ ಮುಂದ ಒಂದ ಸಣ್ಣ ತಾಟ ಇಟ್ಟಿದ್ದ. ಎಲ್ಲಾದ್ರಾಗ ಒಂದೊಂದ ತುತ್ತ ಆಕಿಗೆ ಇಟ್ಟ, ಆಮ್ಯಾಲ ತಾ ಉಂಡ. ನನ್ನ ನೋಡಿ ಎದ್ದ ನನ್ನ ಕಾಲ ಮುಟ್ಟಿದಾ. ಹೆಂಗ ಇಳಿಸಿಕೊಂಡ ಬರಲೋ?" ಎಂದು ನನ್ನನ್ನೇ ಕೇಳಿದರು.

ಗಂಗಾ ಉಳಿದಳು. ಔಷಧ ಹತ್ತಿತು, ತಿಂಗಳೊಪ್ಪತ್ತಿನಲ್ಲಿ ಮನೆಗೆ ಬಂದಳು. ಆಕೆ ಎದ್ದು ಕುಳಿತ ಮೇಲೆ ಕಾಕಾ ಮನೆಗೆ ಬಂದು, ಎದುರು ನೆಲದ ಮೇಲೆ ಕುಳಿತು, ಆ ಚಿತ್ರದ ಬಣ್ಣವನ್ನೆಲ್ಲ ಒಂದೊಂದಾಗಿ ಹೇಳಿದರು. ಹೊತ್ತು ಹೊಂಡೂ ಬಣ್ಣ, ಹಸಿರು, ಕೆಂಪು ಎಳೆ, ಬೊಗಸೆ, ಕಣ್ಣು. ಕೊನೆಗೆ, ಆ ಮುಖ ನಿನ್ನದು ಎಂದರು. ಗಂಗಾ ಸೆರಗು ಸರಿಮಾಡಿಕೊಂಡಳು. ಆಮೇಲೆ, "ಛಂದರ ಬಂದೇನೋ ಇಲ್ಲೋ ಕಾಕಾ?" ಎಂದಳು. ಅವರನ್ನು ಹಗುರ ಮಾಡಲು ಆಡಿದ ಮಾತು. ಅವರು ಹಗುರಾಗಲಿಲ್ಲ. ಆಕೆಯ ಕಾಲು ಮುಟ್ಟಲು ಹೋದರು, ಆಕೆ ಸರ್ರನೆ ಹಿಂದೆ ಸರಿದಳು.

ಅಲ್ಲಿಂದ ಕಾಕಾ ಯಾರ ಮುಖವನ್ನೂ ಬರೆಯಲಿಲ್ಲ. ಟ್ರ್ಯಾಕ್ಟರಿಗೆ ನಂಬರು ಬರೆದರು, ಸಾಲೆಯ ಗೋಡೆಗೆ ಅಕ್ಷರ ಬರೆದರು, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಿದರು. ಯಾರಾದರೂ ಹಿರಿಯರ ಚಿತ್ರ ಕೇಳಿ ಬಂದರೆ, "ಕಣ್ಣ ಕಾಣೂದಿಲ್ರಿ" ಎಂದು ಸುಳ್ಳು ಹೇಳುವರು. ಗಂಗಾ ಒಂದು ಸೀನು ಸೀನಿದರೂ ಅವರ ಕೈ ನಿಲ್ಲುತ್ತಿತ್ತು. ಬುತ್ತಿ ತರುವುದು ಒಂದು ಗಳಿಗೆ ತಡವಾದರೆ ರಸ್ತೆಗೆ ಬಂದು ನಿಲ್ಲುತ್ತಿದ್ದರು. "ನನಗೇನ ಆಗೇತಿ ಕಾಕಾ, ಕಲ್ಲಿನಂಗ ಅದೇನಿ" ಎಂದು ಆಕೆ ಬೈದರೆ ಹೌದು ಹೌದು ಎಂದು ಒಳಗೆ ಬರುವರು.

ಕಡೆಯ ದಿನಗಳಲ್ಲಿ ಅವರು ನಮ್ಮ ಮನೆಯಲ್ಲೇ ಇದ್ದರು. ಗಂಗಾ ಗಂಜಿ ಕುಡಿಸುವಾಗ ಆಕೆಯ ಕೈ ಹಿಡಿದು, "ನಾ ಬದುಕಿರೂತನಾ ಆ ಹಾರ ತಗಸೂದು ನನ್ನ ಕೈಲೆ ಆಗಲಿಲ್ಲವಾ. ನೀ ಹೋಗಿ ಅವಗ ಖರೆ ಹೇಳು. ಹೇಳತೇನಿ ಅಂತ ಮಾತ ಕೊಡು" ಎಂದರು. ಕೊಟ್ಟಳು. ಅವತ್ತು ಅವರು ನಿದ್ದೆ ಮಾಡಿದ್ದನ್ನು ಬಹಳ ದಿನದ ಮೇಲೆ ನೋಡಿದೆ.

ಕಾಕಾ ತೀರಿಕೊಂಡು ದಿನಕರ್ಮ ಮುಗಿದ ಮೇಲೆ ಗಂಗಾ ದೊಡವಾಡಕ್ಕೆ ಹೊರಟು ನಿಂತಳು. ಬೇಡ, ಸತ್ತವರಿಗೆ ಕೊಟ್ಟ ಮಾತು ಸತ್ತವರ ಜೊತೆ ಹೋಯಿತು ಎಂದೆ. "ನೀವು ಬರದಿದ್ರ ಬಸ್ಸಿಗೆ ಹೋಗತೇನಿ" ಎಂದಳು. ನಾನೇ ಗಾಡಿ ತೆಗೆದೆ. ಆಕೆಯ ಹಟಕ್ಕೆ ಸೋತೆ ಎಂದು ಪೇಟೆಯಲ್ಲಿ ಹೇಳುತ್ತ ಬಂದಿದ್ದೇನೆ. ಅದು ಅಷ್ಟೂ ಖರೆಯಲ್ಲ. ಆ ಹಾರ ಇಳಿಯಲಿ ಎಂದು ನನ್ನ ಹೊಟ್ಟೆಯೊಳಗೂ ಇತ್ತು.

ಅಜ್ಜ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕುಳಿತಿದ್ದ. ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಹತ್ತಿರ ಹಿಡಿದದ್ದಷ್ಟೇ ಕಾಣುತ್ತಿತ್ತು. ಬೈಲಹೊಂಗಲದ ಅಂಗಡಿಯವನು ಎಂದೊಡನೆ ಗುರುತು ಹಿಡಿದ. ಕಾಕಾ ತೀರಿಕೊಂಡದ್ದನ್ನು ಹೇಳಿದೆ. "ನಮ್ಮವ್ವನ್ನ ತಂದಕೊಟ್ಟ ಪುಣ್ಯಾತ್ಮ" ಎಂದು ಕೈಮುಗಿದ. ಸೊಸೆ ನೀರು ತಂದಿಟ್ಟು ಒಳಗೆ ಹೋದಳು. ಅವನ ತಲೆಯ ಮೇಲಿನ ಗೋಡೆಯಲ್ಲಿ ಚಿತ್ರವಿತ್ತು, ಸೇವಂತಿಗೆ ಹಾರ ಹಾಕಿಕೊಂಡು. ಗಂಗಾ ಅದನ್ನು ಅವತ್ತೇ ಮೊದಲ ಸಲ ನೋಡಿದ್ದು.

ಆಕೆ ಅಜ್ಜನ ಎದುರು ಕುಳಿತು ಹೇಳಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ, ಎಲ್ಲಿಯೂ ನೋಯದ ಹಾಗೆ ಹೇಳಿದಳು. ಕಾಕಾ ಎಷ್ಟು ಹುಡುಕಿದರು, ಹೇಗೆ ಸೋತರು, ಆ ಮುಖ ಎಲ್ಲಿಂದ ಬಂತು, ಆಮೇಲೆ ಹೇಗೆ ಕೊರಗಿದರು, ಎಲ್ಲ.  ಮುಗಿದ ಮೇಲೆ ಅಜ್ಜ, "ಹತ್ತರ ಬಾರವಾ" ಎಂದ. ಗಂಗಾ ಬಗ್ಗಿದಳು. ಆಕೆಯ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದ ಒಂದು ಕಣ್ಣಿನ ಹತ್ತಿರ ತಂದು, ಬಹಳ ಹೊತ್ತು ನೋಡಿದ.

"ಖರೆ ಐತಿ. ನೀನ" ಎಂದ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಛಲೋ ಇತ್ತು. ಅವನು ಗೋಡೆ ಹಿಡಿದು ಎದ್ದು, ತಡಕಾಡಿ ಚಿತ್ರದ ಹಾರ ತೆಗೆದ. ಧೋತರದ ಚುಂಗಿನಿಂದ ಗಾಜಿನ ಮೇಲಿನ ವಿಭೂತಿಯನ್ನು ಒರೆಸಿದ. ಒಂದು ಕಡೆ ಉಳಿದಿತ್ತು, ಬೆರಳಿಂದ ತಿಕ್ಕಿ ಅದನ್ನೂ ತೆಗೆದ. ಚಿತ್ರ ಇಳಿಸಿ ನನ್ನ ಕೈಗೆ ಕೊಟ್ಟ. "ಜೀವ ಇದ್ದಾಕಿಗೆ ಹಿಂಗ ಮಾಡಬಾರದಿತ್ತು. ನನಗ ಗೊತ್ತಿರಲಿಲ್ಲವಾ. ನೂರ ವರ್ಷ ಬಾಳು" ಎಂದು ಗಂಗಾಳ ತಲೆಯ ಮೇಲೆ ಕೈಯಿಟ್ಟ. ತಪ್ಪು ಮಾಡಿದವನು ತಾನೇ ಎನ್ನುವಂತೆ ಹೇಳಿದ. ನಾವಿಬ್ಬರೂ ಎದ್ದು ನಿಂತೆವು. ಚಿತ್ರ ನನ್ನ ಕಂಕುಳಲ್ಲಿತ್ತು.

ಅಜ್ಜ ಮತ್ತೆ ಕಂಬಳಿಯ ಮೇಲೆ ಕುಳಿತ. ಹಾರ ಅವನ ತೊಡೆಯ ಮೇಲೆ ಉಳಿದಿತ್ತು. ಬಾಗಿಲ ತನಕ ಬಂದಿದ್ದೆವು, ಹಿಂದಿನಿಂದ ಕರೆದ.

"ಅಂಗಡ್ಯಾವ್ರ, ಹಂಗಾದ್ರ ನಮ್ಮವ್ವ ಹೆಂಗಿದ್ಲರೀ?"